ಜೊಳ್ಳು ಮುಳುಗುವ ತೊಟ್ಟಿ

ಬ್ರೋಕನ್ ಹಿಲ್‌ನಲ್ಲಿ ಬೀದಿಗಳಿಗೆ ಅದಿರಿನ ಹೆಸರು.
ಕ್ಲೋರೈಡ್ ಬೀದಿಯಲ್ಲಿ ನನ್ನ ಬಾಡಿಗೆ ಕೋಣೆ,
ಸಲ್ಫೈಡ್ ಬೀದಿಯಲ್ಲಿ ಬ್ರೆಡ್ಡು, ಹಾಲು,
ಆಕ್ಸೈಡ್ ಬೀದಿಯಲ್ಲಿ ಹಲ್ಲಿನ ಡಾಕ್ಟರು.
ಯಾವ ಬೀದಿಯ ತುದಿಗೆ ನಿಂತು ನೋಡಿದರೂ
ಊರ ನಡುಬೆನ್ನಿಗೆ ಒರಗಿದ ಆ ಕರಿ ದಿಬ್ಬ:
ನೂರು ವರ್ಷ ನೆಲ ಬಗೆದವರು
ಬೇಡವೆಂದು ಸುರಿದದ್ದು.

ಅದರಿಂದ ದಿನಕ್ಕೆ ನಲವತ್ತು ಚೀಲ ನನ್ನ ಮೇಜಿಗೆ.
ಚೀಲದ ಮೇಲೆ ಅಂಕಿ, ಆಳ, ತಾರೀಖು.
ಅರೆಯುತ್ತೇನೆ, ಜರಡಿ ಹಿಡಿಯುತ್ತೇನೆ, ತೂಗುತ್ತೇನೆ.
ನೂರಕ್ಕೆ ಮೂರು ಪಾಲು ಸತು. ಸೀಸ ಒಂದೂವರೆ.
ಬೆಳ್ಳಿ, ಟನ್ನಿಗೆ ಒಂದು ಹಿಡಿ. ಹಿಡಿಯೂ ಅಲ್ಲ,
ಕೂಸಿನ ಒಂಟಿ ಕಾಲ್ಗಡಗ.

ನಮ್ಮ ಮನೆತನಕ್ಕೆ ಇದೇನು ಹೊಸ ಕೆಲಸವಲ್ಲ.
ಹುಬ್ಬಳ್ಳಿಯ ಪತ್ತಾರ ಓಣಿಯಲ್ಲಿ, ದೀಪಾವಳಿ ಮುಗಿದ ಮೇಲೆ,
ಅಂಗಡಿ ಗುಡಿಸಿದ ಕಸವನ್ನು
ದುಡ್ಡು ಕೊಟ್ಟು ಕೊಳ್ಳುತ್ತಿದ್ದಳು ನಮ್ಮಾಯಿ.
ಮೂಸೆಯ ಚೂರು, ಇದ್ದಿಲ ಬೂದಿ, ಗಟಾರದ ಕೆಸರು,
ಒಮ್ಮೆ ಪತ್ತಾರ ಕೂರುವ ಹಳೆಯ ಚಾಪೆಯನ್ನೇ ಕೊಂಡು
ಸುಟ್ಟು ತೊಳೆದಿದ್ದಳು.
ಮರಿಗೆಯನ್ನು ಎಡಕ್ಕೊಮ್ಮೆ ತೂಗಿ, ಬಲಕ್ಕೊಮ್ಮೆ ತಟ್ಟಿ,
ನೀರು ಚೆಲ್ಲಿ ಚೆಲ್ಲಿ ಚೆಲ್ಲಿ
ಕೊನೆಗೆ ಅಂಚಿನಲ್ಲಿ ಸಾಸಿವೆಯಂಥ ಒಂದು ಹೊಳಪು.
"ಹಗುರ ಇದ್ದದ್ದು ತೇಲಿ ಹೋಗ್ತದ,
ಗಟ್ಟಿ ಇದ್ದದ್ದು ತಳಾ ಹಿಡೀತದ."
ಮಂದಿಯ ವಿಷಯಕ್ಕೂ ಅವಳದು ಅದೇ ಮಾತು.

ಆಯೀ, ಇಲ್ಲಿ ಎಲ್ಲ ತಿರುವುಮುರುವು.
ತೊಟ್ಟಿಗೆ ಎರಡು ಹನಿ ಎಣ್ಣೆ, ಚಿಟಿಕೆ ಔಷಧ ಹಾಕಿ
ಅಡಿಯಿಂದ ಗಾಳಿ ಊದಿದರೆ
ಗುಳ್ಳೆ ಏಳುತ್ತವೆ, ಮೊಸರು ಕಡೆದ ಹಾಗೆ.
ಕಲ್ಲು, ಮರಳು, ಹಗುರಿನ ಜೊಳ್ಳೆಲ್ಲ
ತಣ್ಣಗೆ ತಳಕ್ಕಿಳಿದು ಕೂರುತ್ತದೆ.
ಸೀಸ ತೇಲುತ್ತದೆ. ಸೀಸ!
ನೀರ ಮೇಲಿನ ಗುಳ್ಳೆ ಎಂದು ಬದುಕನ್ನು ಹಳಿದೆವಲ್ಲ,
ಆ ಗುಳ್ಳೆಯ ಬೆನ್ನಿಗಂಟಿ
ಮೇಲೆ ಬರುತ್ತದೆ ಲೋಹ,
ಬೂದು ಕೆನೆಯಾಗಿ, ಅಂಚು ದಾಟಿ.

ಪಂಪು ನೋಡಿಕೊಳ್ಳುವವನು ಮರ್ವ್ ಟ್ರೆವಾರೊ.
ಅವನ ಮುತ್ತಜ್ಜ ಈ ದಿಬ್ಬಕ್ಕೆ ಗಾಡಿ ಸುರಿದವನು.
"ಮೂರ್ಖರಲ್ಲ ಅವರು," ಎಂದ ಒಂದು ರಾತ್ರಿ,
ಥರ್ಮಾಸಿನ ಚಹಾ ಬಗ್ಗಿಸುತ್ತ,
"ಕೈಗೆ ಬಂದಷ್ಟು ತಗೊಂಡರು.
ಉಳಿದದ್ದಕ್ಕೆ ಅವರ ಹತ್ತಿರ ಕೈ ಇರಲಿಲ್ಲ."
ಆಮೇಲೆ, ಕೇಳದಿದ್ದರೂ, ಹೇಳಿದ:
ಹೆಂಡತಿ ಡೊರೀನ್ ಮೂವತ್ತು ವರ್ಷ
ಒದ್ದೆ ಬಟ್ಟೆಯಲ್ಲಿ ಕಿಟಕಿ ಒರೆಸಿದಳಂತೆ, ದಿನಕ್ಕೆರಡು ಸಲ.
ಗಾಳಿ ಎದ್ದರೆ ದಿಬ್ಬವೇ ಮನೆಯೊಳಗೆ ಬರುತ್ತಿತ್ತು.
ಮಗಳ ರಕ್ತದಲ್ಲಿ ಸೀಸ ಎಷ್ಟೆಂದು
ಆಸ್ಪತ್ರೆಯವರು ಚೀಟಿ ಬರೆದು ಕೊಡುತ್ತಿದ್ದರು.
ಅಂಕಿ, ತಾರೀಖು. ನನ್ನ ಚೀಲಗಳ ಮೇಲಿರುವಂತೆ.
ನಾನು ಚಹಾ ಕುಡಿದೆ. ಏನೂ ಹೇಳಲಿಲ್ಲ.

ದಿಬ್ಬ ಪೂರ್ತಿ ಕರಗಲು ಹನ್ನೊಂದು ವರ್ಷ ಬೇಕಂತೆ.
ಅವನ ಅಡಿಗೆಮನೆಗೆ ಇದುವರೆಗೂ
ಸಂಜೆ ಬಿಸಿಲು ಬಿದ್ದದ್ದಿಲ್ಲ; ನಾಲ್ಕಕ್ಕೇ ನೆರಳು.
"ಡೊರೀನ್ ಇದ್ದಾಗಲೇ ಪರದೆಗೆ ಅಳತೆ ತೆಗೆದಿದ್ದಳು.
ಹಳದಿ ಬೇಕಂತೆ," ಎಂದು ನಕ್ಕ,
ನಕ್ಕು ಪಂಪಿನ ಕಡೆ ಹೊರಟುಹೋದ.

ತೊಳೆದದ್ದನ್ನೇ ಮತ್ತೆ ತೊಳೆದರೂ ಏನೋ ಉಳಿಯುತ್ತದೆ.
ಅದನ್ನು ಹೊಸ ಕೊಳಕ್ಕೆ ಬಿಡುತ್ತೇವೆ,
ಒಣಗಿದ ಮೇಲೆ ಮಣ್ಣು ಹೊದಿಸಿ ಪೊದೆ ನೆಡುತ್ತೇವೆ.
ವರದಿಯಲ್ಲಿ ಅದಕ್ಕೊಂದು ಕಾಲಂ ಇದೆ: ನಷ್ಟ.
ಇನ್ನೊಂದು ನೂರು ವರ್ಷಕ್ಕೆ ಯಾರೋ ಬಂದಾರು,
ಚಹಾ ಬಗ್ಗಿಸುತ್ತ
ನಮ್ಮನ್ನೂ ಮೂರ್ಖರಲ್ಲ ಎಂದಾರು.

ಬೆಳಗಿನ ಆರು. ಕೈ ತೊಳೆಯುತ್ತೇನೆ.
ಬಿಳಿ ಬೇಸಿನ್ನಿನಲ್ಲಿ ಒಂದು ಕಪ್ಪು ಸುಳಿ
ತಿರುಗಿ ತಿರುಗಿ ತೂತಿಗಿಳಿಯುತ್ತದೆ.
ನಮ್ಮಾಯಿ ಇದ್ದಿದ್ದರೆ
ಸೆರಗು ಸಿಕ್ಕಿಸಿ, ಕುಕ್ಕರುಗಾಲಲ್ಲಿ ಕೂತು
ಇದರ ಕೊಳವೆ ಬಿಚ್ಚುತ್ತಿದ್ದಳು.